ಎಂಟನೆಯವರು ಇಬ್ಬರಾದ ಬಗೆ

ನಮ್ಮ ವಂಶಾವಳಿಯ ಹುಡುಕಾಟಕ್ಕೆಂದು ಇಟ್ಟ ನನ್ನ ಮೊದಲ ಟಿಪ್ಪಣಿ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಹೀಗೆ ಬರೆದಿದೆ: "ಇಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಹಳೆಯ ಪುಸ್ತಕಗಳನ್ನು ನೋಡಿದೆ. ನಮ್ಮವರ ಹೆಸರು ಸಿಗಲಿಲ್ಲ." ದಿನಾಂಕವನ್ನು ಹಾಕಿಲ್ಲ. ಯಾವ ಪುಸ್ತಕ, ಯಾವ ವರ್ಷದ್ದು, ಯಾವ ಹೆಸರನ್ನು ಹುಡುಕಿದೆ ಎಂಬುದೊಂದೂ ಇಲ್ಲ. ಈ ಮೂರು ಸಣ್ಣ ವಾಕ್ಯಗಳನ್ನು ನಂಬಿಕೊಂಡು ನಾನು ಐದು ತಿಂಗಳು ಆ ಕಚೇರಿಯ ಕಡೆಗೆ ತಲೆ ಹಾಕಲಿಲ್ಲ. ನಮ್ಮ ಮನೆತನದ ಬಹುಮುಖ್ಯ ಪತ್ರ ಅಷ್ಟೂ ಕಾಲ ಅಲ್ಲಿಯೇ ಇತ್ತು.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಈಗ ತುಮಕೂರಿನಲ್ಲಿ ವಾಸವಾಗಿದ್ದೇನೆ. ನಮ್ಮ ಮೂಲ ಊರು ಮಧುಗಿರಿ ತಾಲ್ಲೂಕಿನಲ್ಲಿ, ಏಕಶಿಲಾ ಬೆಟ್ಟ ದೂರದಿಂದ ಕಾಣುವ ಒಂದು ಹಳ್ಳಿ. ತಂದೆಯವರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗಾಗಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಮಾಡಿಸಬೇಕಾಯಿತು. ಗ್ರಾಮ ಆಡಳಿತಾಧಿಕಾರಿಗಳು ಮಹಜರಿಗೆ ಬಂದ ದಿನ ಅರಳೀಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರಲ್ಲಿ ಒಬ್ಬರು ನಮ್ಮ ಮುತ್ತಾತನಿಗೆ ಇಬ್ಬರು ಹೆಂಡತಿಯರು ಎಂದರು. ಇನ್ನೊಬ್ಬರು ಹಾಗಲ್ಲ, ಒಬ್ಬರೇ ಎಂದು ಖಚಿತವಾಗಿ ಹೇಳಿದರು. ಖಾತೆಯ ಕೆಲಸಕ್ಕೆ ಅಷ್ಟು ಹಿಂದಿನ ವಿಚಾರ ಬೇಕಿರಲಿಲ್ಲವಾದ್ದರಿಂದ ಮಹಜರು ಮುಗಿಯಿತು. ಆದರೆ ಇಬ್ಬರು ವೃದ್ಧರೂ ಸುಳ್ಳು ಹೇಳುವವರಲ್ಲ ಎಂಬುದು ನನಗೆ ಗೊತ್ತಿತ್ತು. ಅವರಿಬ್ಬರ ಮಾತೂ ನಿಜವಾಗಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಮನೆಯವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅವರನ್ನು ಸಂಖ್ಯೆಯಿಂದ ಕರೆಯುತ್ತೇನೆ. ಇದು ನನ್ನ ಕಲ್ಪನೆಯಲ್ಲ. ಮಿಖಾಯೆಲ್ ಐಟ್ಸಿಂಗರ್ ಎಂಬ ಆಸ್ಟ್ರಿಯಾದ ಇತಿಹಾಸಕಾರ 1590ರಲ್ಲಿ ಬಳಸಿದ, ಇಂದಿಗೂ ಜಗತ್ತಿನಾದ್ಯಂತ ವಂಶಾವಳಿ ಸಂಶೋಧಕರು ಅನುಸರಿಸುವ ಕ್ರಮ. ಯಾರ ಪೂರ್ವಜರನ್ನು ಹುಡುಕುತ್ತೇವೆಯೋ ಅವರು 1. ಅವರ ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದನ್ನು ಸೇರಿಸಿದರೆ ತಾಯಿ. ಹಾಗಾಗಿ ನನ್ನ ತಾತ 4, ಮುತ್ತಾತ 8, ಮುತ್ತಜ್ಜಿ 9, ಮುತ್ತಾತನ ತಂದೆ 16, ತಾಯಿ 17. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇರುವುದರಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಲೇ ಇರುತ್ತದೆ. ಆ ಗೋಜಲಿನಲ್ಲಿ ಹೆಸರಿಗಿಂತ ಸಂಖ್ಯೆ ಹೆಚ್ಚು ಆಸರೆಯಾಯಿತು. ಈ ಕ್ರಮದಲ್ಲಿ ತಾಯಂದಿರಿಗೂ ತಂದೆಯರಷ್ಟೇ ಖಾನೆಗಳಿರುವುದು ನನಗೆ ತುಂಬಾ ಹಿಡಿಸಿತು. ಕಚೇರಿಯ ವಂಶವೃಕ್ಷದಲ್ಲಿ ಬರೆಯದಿದ್ದರೆ ಯಾರೂ ಕೇಳದ ಹೆಸರುಗಳು ಇಲ್ಲಿ ಖಾಲಿ ಖಾನೆಗಳಾಗಿ ಕಣ್ಣಿಗೆ ಬೀಳುತ್ತವೆ.

ಮೊದಲ ವರ್ಷ ನಾನು ಮಾಡಿದ್ದು ಸಂಗ್ರಹ ಮಾತ್ರ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಕೈಬರಹದ ಪಹಣಿಗಳ ನಕಲುಗಳನ್ನು, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳ ಪುಟಗಳನ್ನು ತಂದೆ. ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯವರ, ಚಿಕ್ಕಪ್ಪಂದಿರ ಹೆಸರುಗಳನ್ನು ನೋಡಿದೆ. ತಾತ, ಅಂದರೆ 4ನೆಯವರು, ತಮ್ಮ ತಂದೆಯ ಜಾತಕವನ್ನು ಒಂದು ಲೆಕ್ಕದ ಪುಸ್ತಕಕ್ಕೆ ನಕಲು ಮಾಡಿಟ್ಟಿದ್ದರು, ಅದೂ ಸಿಕ್ಕಿತು. ದಾಯಾದಿಗಳೊಬ್ಬರ ಮನೆಯ ಪೆಟ್ಟಿಗೆಯಲ್ಲಿ 1934ರ ಒಂದು ಭೋಗ್ಯ ಪತ್ರವಿತ್ತು. ಇವೆಲ್ಲವನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಸಂತೋಷದಿಂದ, ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮರದಂತೆ ಗೆರೆ ಎಳೆದು ಜೋಡಿಸಿದೆ. ಆ ಹಾಳೆಯ ಪ್ರಕಾರ 8ನೆಯವರಿಗೆ ಇಬ್ಬರು ಹೆಂಡತಿಯರು, ಏಳು ಮಕ್ಕಳು, ಊರಿನ ಎರಡು ದಿಕ್ಕಿನಲ್ಲಿ ಜಮೀನು. ಕಟ್ಟೆಯ ಮೇಲೆ ಮೊದಲು ಮಾತನಾಡಿದ ಹಿರಿಯರೇ ಸರಿ ಎಂದು ತೀರ್ಮಾನಿಸಿಬಿಟ್ಟೆ.

ನಮ್ಮ ಸೀಮೆಯ ದಾಖಲೆಗಳನ್ನು ನೋಡಿದವರಿಗೆ 'ಬಿನ್' ಮತ್ತು 'ಕೋಂ' ಎಂಬ ಎರಡು ಮಾತುಗಳ ಪರಿಚಯ ಇದ್ದೇ ಇರುತ್ತದೆ. ಇಂಥವನು ಬಿನ್ ಇಂಥವನು ಎಂದರೆ ಇಂಥವನ ಮಗ. ಇಂಥವಳು ಕೋಂ ಇಂಥವನು ಎಂದರೆ ಇಂಥವನ ಹೆಂಡತಿ. ನನ್ನ ಬಳಿಯಿದ್ದ ಎಲ್ಲ ಕಾಗದಗಳಲ್ಲೂ ಮುತ್ತಾತನ ಹೆಸರು, ಅದರ ಮುಂದೆ ಬಿನ್, ಅದರ ಮುಂದೆ ಅವರ ತಂದೆಯ ಹೆಸರು ಸರಿಯಾಗಿಯೇ ಇದ್ದವು. ಊರು ಒಂದೇ, ಹೆಸರು ಒಂದೇ, ತಂದೆಯ ಹೆಸರೂ ಒಂದೇ ಎಂದ ಮೇಲೆ ವ್ಯಕ್ತಿಯೂ ಒಬ್ಬನೇ ಎಂದು ಯಾರಾದರೂ ಭಾವಿಸುತ್ತಾರೆ. ನಾನೂ ಭಾವಿಸಿದೆ.

ತಪ್ಪು ಹೊರಬಿದ್ದದ್ದು ವರದಿ ಬರೆಯಲು ಕುಳಿತಾಗ. ಯುಗಾದಿಗೆ ಊರಿನಲ್ಲಿ ನೆಂಟರೆಲ್ಲ ಸೇರುವವರಿದ್ದರು. ಅವರ ಕೈಗೆ ಕೊಡಲು ನಾಲ್ಕು ಪುಟ ಬರೆಯೋಣ ಎಂದುಕೊಂಡೆ. ಮರದ ಚಿತ್ರವನ್ನೇ ಜೆರಾಕ್ಸ್ ಮಾಡಿ ಕೊಟ್ಟರೆ ಸಾಕೆಂದು ತಮ್ಮ ಹೇಳಿದ. ಆದರೆ ಹಾಳೆಯ ಮೇಲಿನ ಗೆರೆಗೆ ಕಾರಣ ಬೇಕಿಲ್ಲ. ಎಳೆದರೆ ಅದು ಗೆರೆ. ವಾಕ್ಯಕ್ಕೆ ಹಾಗಲ್ಲ. "ಇವರು ಇವರ ಮಗ" ಎಂದು ಬರೆದ ಕೂಡಲೇ "ಏಕೆಂದರೆ" ಎಂಬ ಮಾತು ತಾನಾಗಿ ಬರುತ್ತದೆ, ಅದರ ಮುಂದೆ ಏನು ಬರೆಯುವುದೆಂದು ಪೆನ್ನು ನಿಲ್ಲುತ್ತದೆ. 8ನೆಯವರ ಹಿರಿಯ ಮಗನ ಬಗ್ಗೆ ಬರೆಯುವಾಗ ನನ್ನ ಪೆನ್ನು ಹಾಗೆಯೇ ನಿಂತಿತು. 1934ರ ಭೋಗ್ಯ ಪತ್ರದಲ್ಲಿ ಆ ಮಗನ ವಯಸ್ಸು ಸುಮಾರು 45 ವರ್ಷ ಎಂದಿತ್ತು. ಅಂದರೆ ಹುಟ್ಟಿದ್ದು 1889ರ ಆಸುಪಾಸು. 8ನೆಯವರ ಜಾತಕದಲ್ಲಿದ್ದದ್ದು ಈಶ್ವರ ಸಂವತ್ಸರ, ಮಾಘ ಮಾಸ, ಶುದ್ಧ ಪಂಚಮಿ. ಈಶ್ವರ ಸಂವತ್ಸರ 1877ರ ಯುಗಾದಿಯಿಂದ 1878ರ ಯುಗಾದಿಯವರೆಗೆ ನಡೆದದ್ದು. ಮಾಘ ಮಾಸ ಅದರ ಕೊನೆಗೆ ಬರುವುದರಿಂದ ಜನನ 1878ರ ಫೆಬ್ರವರಿಯಲ್ಲಿ. ಹನ್ನೊಂದು ವರ್ಷದ ಹುಡುಗನಿಗೆ ಹಿರಿಯ ಮಗ ಹುಟ್ಟಿದ ಎಂದು ನಾನು ಬರೆಯಬೇಕಾಗಿತ್ತು.

ಮೊದಲು ಲೆಕ್ಕವನ್ನೇ ಅನುಮಾನಿಸಿದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಬರೀ 'ಈಶ್ವರ' ಎಂದಿದ್ದರೆ ಅದು 1877 ಆಗಬಹುದು, 1937 ಆಗಬಹುದು, 1817 ಕೂಡ ಆಗಬಹುದು. 1937 ಆಗಲಾರದು, ಅಷ್ಟು ಹೊತ್ತಿಗೆ 4ನೆಯವರೇ ಮಕ್ಕಳೊಂದಿಗರು. 1817 ಎಂದರೆ 4ನೆಯವರು ಹುಟ್ಟಿದಾಗ ಅವರ ತಂದೆಗೆ ಎಂಬತ್ತೇಳು ವರ್ಷ, ಅದೂ ಅಲ್ಲ. ಇದಲ್ಲದೆ ನಮ್ಮಜ್ಜಿ ತಮ್ಮ ಮಾವನವರನ್ನು 'ಧಾತು ಬರದ ಕೂಸು' ಎಂದು ಕರೆಯುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮ, ನಮ್ಮ ಬಯಲುಸೀಮೆಯ ನೆನಪಿನಲ್ಲಿ ಬಹುಕಾಲ ಉಳಿದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಎಂದರೆ ಆ ನೆನಪಿನ ಭಾರ ತಿಳಿಯುತ್ತದೆ. ಆದ್ದರಿಂದ 1878 ಸರಿಯೇ ಇರಬೇಕು. ಭೋಗ್ಯ ಪತ್ರದ ವಯಸ್ಸು ಅಂದಾಜಿನದು, ಐದು ವರ್ಷ ಹೆಚ್ಚುಕಡಿಮೆ ಇರಬಹುದು. ಆದರೂ ಹದಿನಾರು ವರ್ಷದ ತಂದೆ ಎಂಬುದು ನಂಬುವ ಮಾತಾಗಿರಲಿಲ್ಲ. ಉಳಿದದ್ದು ಒಂದೇ ದಾರಿ. ಒಂದೇ ಹೆಸರಿನ, ಒಂದೇ ತಂದೆಹೆಸರಿನ ಇಬ್ಬರು ಅದೇ ಊರಿನಲ್ಲಿ ಇದ್ದಿರಬೇಕು.

ಹಾಗೆ ಯೋಚಿಸಿದ ಮೇಲೆ ನಮ್ಮ ಕಡೆಯ ಇನ್ನೊಂದು ರೂಢಿ ನೆನಪಾಯಿತು. ಅಣ್ಣತಮ್ಮಂದಿರಿಗೆ ಮನೆದೇವರ ಹೆಸರನ್ನೇ ಇಟ್ಟು, ಹಿರಿಯವನಿಗೆ 'ದೊಡ್ಡ' ಎಂದೂ ಕಿರಿಯವನಿಗೆ 'ಸಣ್ಣ' ಅಥವಾ 'ಚಿಕ್ಕ' ಎಂದೂ ಹೆಸರಿನ ಮೊದಲಿಗೆ ಸೇರಿಸುವುದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಾಮಾನ್ಯ. 16ನೆಯವರಿಗೆ ಅಂಥ ಒಬ್ಬ ಅಣ್ಣನಿದ್ದು, ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಮಗನಿಗೆ ತಮ್ಮ ತಂದೆಯ ಹೆಸರನ್ನೇ ಇಟ್ಟಿದ್ದರೆ, ಬರೆಯುವವರು ದೊಡ್ಡ, ಸಣ್ಣ ಎಂಬುದನ್ನು ಬಿಟ್ಟ ಕಡೆಯಲ್ಲೆಲ್ಲ ಇಬ್ಬರು ಸೋದರಸಂಬಂಧಿಗಳು ಕಾಗದದ ಮೇಲೆ ಒಬ್ಬರಾಗಿಬಿಡುತ್ತಾರೆ. ಇದು ಊಹೆ. ಊಹೆಯನ್ನು ಪರೀಕ್ಷಿಸಲು ಇಬ್ಬರ ಹೆಸರೂ ಒಟ್ಟಿಗೆ ಬರುವ ಒಂದು ಕಾಗದ ಬೇಕಿತ್ತು, ಅಂಥದ್ದು ಸಿಗುವ ಜಾಗ ನೋಂದಣಿ ಕಚೇರಿ. ಆದರೆ ನನ್ನ ಪುಸ್ತಕದ ಹನ್ನೊಂದನೆಯ ಪುಟ ಅಲ್ಲಿ ಏನೂ ಇಲ್ಲವೆಂದು ಹೇಳುತ್ತಿತ್ತು.

ಆ ಪುಟವನ್ನು ನಾನು ಅಂದು ಎಷ್ಟು ಹೊತ್ತು ನೋಡಿದೆನೋ. 'ಸಿಗಲಿಲ್ಲ' ಎಂದರೆ ಏನು? ಹೆಸರನ್ನು ಯಾವ ಅಕ್ಷರದಲ್ಲಿ ಹುಡುಕಿದ್ದೆ? ದೊಡ್ಡ ಎಂಬುದನ್ನು ಸೇರಿಸಿ ದಕಾರದಲ್ಲಿ ನೋಡಿದ್ದೆನೇ, ಸಣ್ಣ ಎಂದು ಸಕಾರದಲ್ಲಿ ನೋಡಿದ್ದೆನೇ? ಎಷ್ಟು ವರ್ಷಗಳ ಸೂಚಿಗಳನ್ನು ತಿರುವಿದ್ದೆ? ಮಧ್ಯಾಹ್ನ ಊಟದ ಹೊತ್ತಿಗೆ ಎದ್ದುಬಂದದ್ದು ಮಾತ್ರ ನೆನಪಿತ್ತು. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ನಾನೇ ಅಳಿಸಿಹಾಕಿದ್ದೆ.

ಎರಡನೆಯ ಸಲ ಹೋದಾಗ ಮೂರು ದಿನ ಹಿಡಿಯಿತು. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ 1ನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ನಿಗದಿಯಾದ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ವ್ಯಕ್ತಿಗಳ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು. ಈ ಸಲ ಮನೆಯಿಂದ ಹೊರಡುವ ಮೊದಲೇ ಹೊಸ ರಿಜಿಸ್ಟರಿನಲ್ಲಿ ಪ್ರಶ್ನೆಯನ್ನು ಬರೆದುಕೊಂಡಿದ್ದೆ: "1900ರಿಂದ 1920ರ ನಡುವೆ ಈ ಊರಿನಲ್ಲಿ 8ನೆಯವರ ಹೆಸರಿನವರು ಬರೆದುಕೊಟ್ಟ ಅಥವಾ ಬರೆಸಿಕೊಂಡ ಪತ್ರಗಳು ಯಾವುವು, ಅವುಗಳಲ್ಲಿ ದೊಡ್ಡ ಅಥವಾ ಸಣ್ಣ ಎಂಬ ವಿಶೇಷಣ ಇದೆಯೇ?" ಒಂದೊಂದು ವರ್ಷದ ಸೂಚಿ ಮುಗಿದಂತೆಲ್ಲ ಒಂದು ಸಾಲು ಬರೆದೆ. ವರ್ಷ, ಸೂಚಿಯ ಹೆಸರು, ನೋಡಿದ ಅಕ್ಷರಗಳು, ಫಲಿತಾಂಶ. ಮೊದಲ ದಿನದ ಹನ್ನೆರಡು ಸಾಲುಗಳ ಕೊನೆಯಲ್ಲೂ 'ಇಲ್ಲ' ಎಂದೇ ಇದೆ. ಅದರಲ್ಲಿ ಎರಡು ಕಡೆ 'ಸಕಾರದ ಪುಟದ ಕೆಳಭಾಗ ಹರಿದಿದೆ, ನೋಡಲಾಗಲಿಲ್ಲ' ಎಂದಿದೆ. ಆ ಹನ್ನೆರಡು ಸಾಲುಗಳನ್ನು ನಾನು ಇಂದಿಗೂ ವ್ಯರ್ಥವೆಂದು ಭಾವಿಸುವುದಿಲ್ಲ. ಇನ್ನು ಯಾರೂ, ನಾನೂ ಸಹ, ಆ ಪುಟಗಳಿಗಾಗಿ ಮತ್ತೆ ಹೋಗಬೇಕಾಗಿಲ್ಲ.

ಮೂರನೆಯ ದಿನ 1911ರ ಸೂಚಿಯ ಸಕಾರದಲ್ಲಿ ಹೆಸರು ಕಾಣಿಸಿತು. ಅದು ಕ್ರಯಪತ್ರ; ನಮ್ಮ 8ನೆಯವರು ಕೆರೆಯ ಕೆಳಗಿನ ತುಂಡು ಗದ್ದೆಯೊಂದನ್ನು ಮಾರಿದ್ದರು. ದೃಢೀಕೃತ ನಕಲು ಕೈಗೆ ಬಂದ ಮೇಲೆ ನಾನು ಮೊದಲು ಓದಿದ್ದು ಚೆಕ್ಕುಬಂದಿಯನ್ನು. ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಕಾಲುವೆ, ದಕ್ಷಿಣಕ್ಕೆ ಕೊಂಡವರ ಸ್ವಂತ ಜಮೀನು, ಉತ್ತರಕ್ಕೆ 'ನನ್ನ ದೊಡ್ಡಪ್ಪನ ಮಗ ದೊಡ್ಡ' ಎಂದು ಆರಂಭವಾಗಿ ಅದೇ ಹೆಸರು. ಮಾರಿದವರ ಹೆಸರಿನ ಮೊದಲಿಗೆ 'ಸಣ್ಣ' ಎಂದಿತ್ತು. ತನ್ನ ಜಮೀನಿನ ಉತ್ತರದ ಎಲ್ಲೆಯಲ್ಲಿ ಯಾವ ಮನುಷ್ಯನೂ ತಾನೇ ದೊಡ್ಡಪ್ಪನ ಮಗನಾಗಿ ನಿಲ್ಲಲಾರ. ಒಬ್ಬರಾಗಿದ್ದವರು ಆ ಒಂದು ಸಾಲಿನಲ್ಲಿ ಇಬ್ಬರಾದರು. ಅಣ್ಣನ ಕಡೆಯ ದೊಡ್ಡವರಿಗೆ ಇಬ್ಬರು ಹೆಂಡತಿಯರು, ತಮ್ಮನ ಕಡೆಯ ನಮ್ಮವರಿಗೆ ಒಬ್ಬರೇ. ಕಟ್ಟೆಯ ಮೇಲಿನ ಹಿರಿಯರಿಬ್ಬರೂ ಸತ್ಯವನ್ನೇ ಹೇಳಿದ್ದರು, ಬೇರೆ ಬೇರೆಯವರ ಬಗ್ಗೆ. ವಂಶಾವಳಿ ಹುಡುಕುವವರು ಪೂರ್ವಜನನ್ನು ಮಾತ್ರ ನೋಡದೆ ಅವನ ನೆರೆಹೊರೆಯವರನ್ನೂ ಸಾಕ್ಷಿಗಳನ್ನೂ ನೋಡಬೇಕು ಎಂದು ಅಮೆರಿಕದ ಸಂಶೋಧಕರು ಒತ್ತಿ ಹೇಳುತ್ತಾರೆ. ನಮ್ಮ ಪತ್ರಗಳಲ್ಲಿ ಆ ನೆರೆಹೊರೆಯನ್ನು ನಾಲ್ಕು ದಿಕ್ಕಿಗೂ ಬರೆದಿಡುವ ಕ್ರಮ ಇದ್ದೇ ಇದೆ.

ಅಂದಿನಿಂದ ರಿಜಿಸ್ಟರಿನ ಸ್ವರೂಪವನ್ನು ಬದಲಾಯಿಸಿಲ್ಲ. ಪ್ರತಿ ನಮೂದಿಗೂ ಕ್ರಮಸಂಖ್ಯೆ, ದಿನಾಂಕ, ಸ್ಥಳ, ಯಾವ ಪ್ರಶ್ನೆಗಾಗಿ ಹೋದೆ, ಪುಸ್ತಕ, ಸಂಪುಟ, ಪುಟ, ನೋಡಿದ ಅವಧಿ, ಹೆಸರಿನ ಯಾವ ಯಾವ ರೂಪಗಳನ್ನು ಹುಡುಕಿದೆ, ಏನು ಕಂಡಿತು ಅಥವಾ ಕಾಣಲಿಲ್ಲ, ನಕಲನ್ನು ಎಲ್ಲಿ ಇಟ್ಟಿದ್ದೇನೆ. ಬಾಯಿಮಾತಿನಿಂದ ತಿಳಿದದ್ದಾದರೆ ಹೇಳಿದವರು ಯಾರು, ಅವರಿಗೆ ಅದು ಹೇಗೆ ಗೊತ್ತು ಎಂಬುದನ್ನೂ ಬರೆಯುತ್ತೇನೆ. ಕಣ್ಣಾರೆ ಕಂಡದ್ದೋ, ಅಜ್ಜಿ ಹೇಳಿದ್ದನ್ನು ಕೇಳಿದ್ದೋ ಎಂಬ ವ್ಯತ್ಯಾಸ ಸಣ್ಣದಲ್ಲ. ಚಿತ್ರ ತೆಗೆಯುವಾಗ ಮೊದಲು ಪುಸ್ತಕದ ರಟ್ಟು, ಆಮೇಲೆ ಪುಟ ಸಂಖ್ಯೆ ಕಾಣುವಂತೆ ಇಡೀ ಪುಟ, ಕೊನೆಗೆ ಬೇಕಾದ ಸಾಲು. ಮೊದಲ ವರ್ಷ ತೆಗೆದ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಯಾವುದು ಯಾವ ಪುಸ್ತಕದ್ದೆಂದು ತಿಳಿಯದೆ, ಅವುಗಳಲ್ಲಿ ಬಹುಪಾಲನ್ನು ಮತ್ತೊಮ್ಮೆ ಹೋಗಿ ತೆಗೆದೆ.

ಪ್ರತಿ ಮಾಡಿಕೊಳ್ಳುವಾಗ ಪತ್ರದಲ್ಲಿ ಇದ್ದಂತೆಯೇ, ಕಾಗುಣಿತದ ತಪ್ಪುಗಳನ್ನೂ ತಿದ್ದದೆ, ನೀಲಿ ಶಾಯಿಯಲ್ಲಿ ಬರೆಯುತ್ತೇನೆ. ನನ್ನ ಅಭಿಪ್ರಾಯ ಕೆಂಪು ಶಾಯಿಯಲ್ಲಿ. ಮೇಷ್ಟರಾಗಿದ್ದವನಿಗೆ ಕಾಗುಣಿತವನ್ನು ತಿದ್ದದೆ ಬಿಡುವುದು ಕಷ್ಟದ ಕೆಲಸ, ಆದರೆ ಬಿಡಲೇಬೇಕು. ಹಳೆಯ ಶಾನುಭೋಗರ ಬರಹದಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಓಡುತ್ತವೆ, ೬ ಮತ್ತು ೯ ಒಂದೇ ರೀತಿ ಕಾಣುತ್ತವೆ. ಒಂದು ಸರ್ವೆ ನಂಬರನ್ನು ನಾನು ಹಾಗೆ ತಪ್ಪು ಓದಿ, ಬೇರೆಯವರ ಹೊಲದ ಚರಿತ್ರೆಯನ್ನು ಎರಡು ವಾರ ಹುಡುಕಿದೆ. ಈಗ ಸಂದೇಹ ಬಂದ ಅಂಕಿಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತೇನೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದಿದ್ದಾರೆಂದು ಸುದ್ದಿ ಬಂದಾಗ ನಾನು ಮೊದಲ ಬಸ್ಸಿಗೇ ಹೊರಟೆ. ಮನೆಮನೆಯ ಮುಂದೆ ನಿಂತು ಆ ಮನೆಯ ಕುಲ, ಬೆಡಗು ಎಂಬ ಕುಲದ ಕವಲು, ತಲೆಮಾರುಗಳ ಹೆಸರುಗಳನ್ನು ಹಾಡಿನಂತೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ದವಸ ಪಡೆದು ಹೋಗುವ ಅವರ ವೃತ್ತಿ ತಲೆತಲಾಂತರದ್ದು. ನಾವು ಪದವೀಧರರು ಈಗ ಕಲಿಯುತ್ತಿರುವ ಕೆಲಸವನ್ನು ಅವರು ಎತ್ತಿನ ಮೇಲೆ ಊರೂರು ತಿರುಗುತ್ತ ಮಾಡಿಕೊಂಡು ಬಂದಿದ್ದಾರೆ. ನಮ್ಮ ಮನೆಯ ಹೆಳವರು ಹೊತ್ತಿಗೆ ತೆರೆದು ಓದಿದಾಗ 16ನೆಯವರ ಅಣ್ಣನ ಹೆಸರು ಬಂತು, ಅದರ ಜೊತೆಗೆ ನಾನು ಎಲ್ಲಿಯೂ ಕೇಳಿರದ ಒಬ್ಬ ತಮ್ಮನ ಹೆಸರೂ ಬಂತು. ಅವರ ಅನುಮತಿ ಪಡೆದು ಧ್ವನಿಮುದ್ರಣ ಮಾಡಿಕೊಂಡೆ. ಆ ಪುಸ್ತಕ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ತಂದೆಯ ಪುಸ್ತಕ ಜೀರ್ಣವಾದಾಗ ತಾವೇ ನೋಡಿ ಬರೆದುಕೊಂಡದ್ದೆಂದೂ, ತಂದೆ ಬರೆದದ್ದು ತಾತನ ಪುಸ್ತಕವನ್ನು ನೋಡಿ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ರಿಜಿಸ್ಟರಿನಲ್ಲಿ 'ನಕಲಿನ ನಕಲು. 1911ರ ಕ್ರಯಪತ್ರದೊಂದಿಗೆ ಹೊಂದುತ್ತದೆ. ಎರಡೂ ಪರಸ್ಪರ ಸ್ವತಂತ್ರ' ಎಂದು ಬರೆದೆ. ಕೊನೆಯ ಎರಡು ಪದಗಳೇ ಮುಖ್ಯ. ಕ್ರಯಪತ್ರ ಬರೆದವರು ಹೆಳವರ ಪುಸ್ತಕ ನೋಡಿರಲಿಲ್ಲ, ಹೆಳವರು ನೋಂದಣಿ ಕಚೇರಿಗೆ ಹೋಗಿರಲಿಲ್ಲ. ಅದೇ ನಮ್ಮ ಇಂದಿನ ಕಂಪ್ಯೂಟರ್ ಪಹಣಿ ಮತ್ತು ಹಳೆಯ ಕೈಬರಹದ ಪಹಣಿ ಒಂದೇ ಹೆಸರನ್ನು ಹೇಳಿದರೆ ಅದು ಎರಡು ಸಾಕ್ಷಿಯಲ್ಲ. ಭೂಮಿ ಯೋಜನೆಯಲ್ಲಿ ಒಂದನ್ನು ನೋಡಿ ಇನ್ನೊಂದನ್ನು ತುಂಬಿದ್ದು.

ವರದಿಯನ್ನು ಮೊದಲಿನಿಂದ ಬರೆದೆ. ಒಂದೇ ಪ್ರಶ್ನೆ: 4ನೆಯವರ ತಂದೆ ಯಾರು, ಆ ಹೆಸರಿನ ಇಬ್ಬರಲ್ಲಿ ಯಾವವರು? ನನ್ನ ಆರಂಭದ ಮರದ ಚಿತ್ರವನ್ನೂ ಅದು ಏಕೆ ತಪ್ಪು ಎಂಬುದನ್ನೂ ಅದರಲ್ಲಿ ಸೇರಿಸಿದೆ, ಏಕೆಂದರೆ ಆ ಚಿತ್ರದ ಪ್ರತಿ ಆಗಲೇ ಇಬ್ಬರು ಸೋದರರ ಮನೆಯಲ್ಲಿತ್ತು. ಸಾಕಷ್ಟು ಹುಡುಕಬೇಕು, ಆಕರವನ್ನು ಪೂರ್ತಿ ಹೇಳಬೇಕು, ಸಾಕ್ಷ್ಯಗಳನ್ನು ಹೋಲಿಸಿ ತೂಗಬೇಕು, ವಿರೋಧಗಳನ್ನು ಬಿಡಿಸಬೇಕು, ತೀರ್ಮಾನವನ್ನು ಕಾರಣಸಹಿತ ಬರೆಯಬೇಕು ಎಂಬ ಐದು ಅಂಶಗಳ ಪ್ರಮಾಣವೊಂದನ್ನು ಅಮೆರಿಕದ ವಂಶಾವಳಿ ಸಂಶೋಧಕರು ರೂಢಿಸಿಕೊಂಡಿದ್ದಾರೆ. ಅವರಿಗೆ ಹೆಸರುಸಹಿತ ಜನಗಣತಿ ಪಟ್ಟಿಗಳ ಆಸರೆ ಇದೆ. ನಮಗೆ ಪ್ರಕಟವಾದ ಒಟ್ಟು ಅಂಕಿಗಳು ಮಾತ್ರ. ಆದರೂ ಆ ಐದರಲ್ಲಿ ನಮ್ಮಲ್ಲಿ ಮಾಡಲಾಗದ್ದು ಯಾವುದೂ ಇಲ್ಲ. ನನಗೆ ಅತ್ಯಂತ ಹೊತ್ತು ಹಿಡಿದದ್ದು ವಿರೋಧಗಳನ್ನು ಬಿಡಿಸುವ ಭಾಗ. ತಂದೆಯವರ ಜನ್ಮದಿನ ಶಾಲೆಯ ದಾಖಲಾತಿಯಲ್ಲಿ ಜೂನ್ 1 ಎಂದಿದೆ, ಮನೆಯ ಪುಸ್ತಕದಲ್ಲಿ ದೀಪಾವಳಿಯ ಮರುದಿನ ಎಂದಿದೆ. ಹಳ್ಳಿಯ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ವಯಸ್ಸು ಸರಿಹೊಂದುವಂತೆ ಮೇಷ್ಟರು ದಿನಾಂಕ ಹಾಕುವುದನ್ನು ನಾನು ವೃತ್ತಿಯುದ್ದಕ್ಕೂ ನೋಡಿದ್ದೇನೆ. ಸರ್ಕಾರಿ ಮುದ್ರೆ ಇದೆ ಎಂಬ ಕಾರಣಕ್ಕೆ ಆ ದಿನಾಂಕಕ್ಕೆ ಹೆಚ್ಚಿನ ಬೆಲೆ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಎರಡನ್ನೂ ಬರೆದು, ಮನೆಯ ಪುಸ್ತಕವನ್ನು ಏಕೆ ಒಪ್ಪಿದೆ ಎಂದು ಹೇಳಿದೆ.

ಯುಗಾದಿಯ ದಿನ ವರದಿಯನ್ನು ಕೊಟ್ಟಾಗ ಒಂದು ವಿಷಯಕ್ಕೆ ನೆಂಟರಲ್ಲಿ ಕೆಲವರಿಗೆ ಬೇಸರವಾಯಿತು. ಊರ ಬಾಗಿಲ ಬಳಿ ಇರುವ ವೀರಗಲ್ಲು ನಮ್ಮ ಮೂಲಪುರುಷನದೆಂದು ಹೇಳುತ್ತ ಬಂದಿದ್ದಾರೆ. ಹಬ್ಬಕ್ಕೆ ಅದಕ್ಕೆ ಪೂಜೆಯೂ ಆಗುತ್ತದೆ. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದಲ್ಲಿ, ಅಂದರೆ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ, ಮಧುಗಿರಿ ತಾಲ್ಲೂಕಿನ ಭಾಗವನ್ನು ನಾನು ಪೂರ್ತಿ ನೋಡಿದೆ. ಆ ಕಲ್ಲಿನ ಮೇಲೆ ಓದಬಹುದಾದ ಅಕ್ಷರವಿಲ್ಲ, ಸಂಪುಟದಲ್ಲಿ ಅದರ ಉಲ್ಲೇಖವೂ ಇಲ್ಲ. 'ಮನೆತನದ ನಂಬಿಕೆ, ಸಮರ್ಥಿಸುವ ಅಥವಾ ಅಲ್ಲಗಳೆಯುವ ದಾಖಲೆ ಇಲ್ಲ' ಎಂದಷ್ಟೇ ವರದಿಯಲ್ಲಿ ಬರೆದಿದ್ದೆ. ಚಿಕ್ಕಪ್ಪನವರು ಆ ಸಾಲನ್ನು ತೆಗೆದುಹಾಕಲು ಕೇಳಿದರು. ಪೂಜೆಗೆ ನಾನೂ ಪ್ರತಿವರ್ಷ ಹೋಗುತ್ತೇನೆ, ಹೋಗುತ್ತಲೇ ಇರುತ್ತೇನೆ; ಸಾಲನ್ನು ಮಾತ್ರ ತೆಗೆಯಲಾರೆ ಎಂದು ಅವರ ಕೈ ಹಿಡಿದು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ನನ್ನ ಮನಸ್ಸನ್ನು ಈಗ ಕಾಡುತ್ತಿರುವುದು 17ನೆಯವರು. ನಮ್ಮ 9ನೆಯವರ ಹೆಸರು ಸಿಕ್ಕಿದ್ದು, ಗಂಡ ತೀರಿದ ಮೇಲೆ ಅವರ ಹೆಸರಿಗೆ ಖಾತೆಯಾದಾಗ ಬರೆದ 'ಕೋಂ ಲೇಟ್' ಎಂಬ ಒಂದು ಸಾಲಿನಿಂದ. ಹೆಂಗಸರು ನಮ್ಮ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ವಿಧವೆಯರಾದ ಮೇಲೆ. ಗಂಡನಿಗಿಂತ ಮೊದಲು ತೀರಿಕೊಂಡವರಿಗೆ ಆ ಒಂದು ಸಾಲೂ ಇಲ್ಲ. 17ನೆಯವರು ಹಾಗೆ ತೀರಿಕೊಂಡವರು. ಬರದ ವರ್ಷದಲ್ಲಿ ಮಗುವನ್ನು ಹೆತ್ತು ಬಾಣಂತನದಲ್ಲೇ ಹೋದರು ಎಂಬುದು ಅಜ್ಜಿಯ ಮಾತು. ಅವರ ಖಾನೆಯಲ್ಲಿ ಹೆಸರಿನ ಜಾಗ ಖಾಲಿ ಇದೆ. ಅದರ ಕೆಳಗೆ, ಎಲ್ಲೆಲ್ಲಿ ಹುಡುಕಿದೆ ಎಂಬ ಇಪ್ಪತ್ತಮೂರು ಸಾಲುಗಳಿವೆ. ವರದಿಯಲ್ಲಿ ಆ ಇಪ್ಪತ್ತಮೂರನ್ನೂ ಅಚ್ಚು ಮಾಡಿಸಿದೆ. ಹೆಸರು ತಿಳಿಯದ ಒಬ್ಬ ತಾಯಿಗಾಗಿ ಯಾರೋ ಇಷ್ಟು ಕಡೆ ಹುಡುಕಿದ್ದರು ಎಂಬುದು ಮೊಮ್ಮಕ್ಕಳಿಗೆ ತಿಳಿಯಲಿ ಎಂಬ ಆಸೆಯೂ ಅದರಲ್ಲಿ ಸೇರಿತ್ತು.

ಆ ವರದಿಯನ್ನು ಓದಿದ ಸೋದರತ್ತೆಯೊಬ್ಬರು ಹದಿನೈದು ದಿನಗಳ ನಂತರ ಫೋನ್ ಮಾಡಿದರು. 17ನೆಯವರ ತವರು ಗೌರಿಬಿದನೂರು ಕಡೆಯದೆಂದು ತಮ್ಮ ಅತ್ತೆ ಹೇಳುತ್ತಿದ್ದದ್ದು ಆ ಖಾಲಿ ಖಾನೆಯನ್ನು ನೋಡಿದಾಗ ನೆನಪಾಯಿತಂತೆ. ಊರಿನ ಹೆಸರನ್ನೂ ಹೇಳಿದರು. ಗೌರಿಬಿದನೂರು ನಮ್ಮ ತಾಲ್ಲೂಕಿಗೆ ಹೊಂದಿಕೊಂಡೇ ಇದೆ. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದು ಆಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿತು. ಹಳೆಯ ಕಾಗದಗಳಿಗಾಗಿ ಎರಡೂ ಕಡೆ ವಿಚಾರಿಸಬೇಕಾಗುತ್ತದೆ. ಆ ಹೆಸರಿನ ಊರು ಇಂದಿನ ಬಸ್ಸಿನ ದಾರಿಯಲ್ಲಿ ಇಲ್ಲ. ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಮಾತ್ರ ಬೇಚರಾಕ್ ಎಂಬ ಗುರುತಿನೊಂದಿಗೆ ಇದೆ. ಸರ್ವೆ ನಂಬರುಗಳಿವೆ, ಮನೆಗಳಿಲ್ಲ. ಅಲ್ಲಿದ್ದವರು ಯಾವಾಗ ಊರು ಬಿಟ್ಟರು, ಪಕ್ಕದ ಯಾವ ಹಳ್ಳಿಗೆ ಹೋಗಿ ನೆಲೆಸಿದರು ಎಂಬುದನ್ನು ಮೊದಲು ತಿಳಿಯಬೇಕು.

ರಿಜಿಸ್ಟರಿನ 118ನೆಯ ನಮೂದನ್ನು ನಿನ್ನೆ ರಾತ್ರಿ ಬರೆದಿಟ್ಟೆ. ದಿನಾಂಕದ ಜಾಗದಲ್ಲಿ ಬರುವ ಸೋಮವಾರ, ಸ್ಥಳ, ಗೌರಿಬಿದನೂರು. ಪ್ರಶ್ನೆ: "ಬೇಚರಾಕ್ ಆದ ಈ ಗ್ರಾಮದ ಹಳೆಯ ಖಾತೆದಾರರು ಯಾರು, ಅವರಲ್ಲಿ ನಮ್ಮೊಂದಿಗೆ ಕೊಟ್ಟುತರುವ ಬೆಡಗಿನವರು ಇದ್ದರೇ?" ಫಲಿತಾಂಶದ ಖಾನೆಯನ್ನು ಬಿಟ್ಟಿದ್ದೇನೆ.